ಬಿಲ್ಲಿಗೂ ಬೇಕು ಒಂದು ಗೇಜು

ಸರಕು ಸಿದ್ಧವಾಗಿದೆ, ಲಾರಿಗೆ ತುಂಬಿಸಿಯೂ ಆಗಿದೆ, ಹಮಾಲರು ಕೂಲಿ ಪಡೆದು ಹೊರಟಿದ್ದಾರೆ. ಆದರೆ ಕಛೇರಿಯ ಗಣಕಯಂತ್ರದ ಪರದೆಯ ಮೇಲೆ ಕೆಂಪಕ್ಷರದ ಒಂದು ಸಾಲು ಮೂಡಿ, ಬಿಲ್ಲು ಮುಂದಕ್ಕೆ ಹೋಗಲು ಒಪ್ಪುತ್ತಿಲ್ಲ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಮಂಡಿಗಳಿಗಾಗಲಿ, ಯಲಹಂಕದ ಕಡೆಯ ಯಂತ್ರಭಾಗ ತಯಾರಿಕಾ ಘಟಕಗಳಿಗಾಗಲಿ ಇದು ಪರಿಚಯವಿಲ್ಲದ ಸಂಕಟವೇನಲ್ಲ. ಕಾರಣವನ್ನು ಹುಡುಕಿದರೆ ಅದು ಬಹುಮಟ್ಟಿಗೆ ಕ್ಷುಲ್ಲಕವಾಗಿಯೇ ಕಾಣುತ್ತದೆ: ಗ್ರಾಹಕರ ಜಿಎಸ್‌ಟಿ ಸಂಖ್ಯೆಯಲ್ಲಿ ಸೊನ್ನೆಯ ಬದಲಿಗೆ ಇಂಗ್ಲಿಷಿನ ‘ಓ’ ಅಕ್ಷರ ಕುಳಿತಿದೆ, ಬಿಲ್ಲಿನ ಸಂಖ್ಯೆಗೆ ಹದಿನೇಳನೆಯ ಅಕ್ಷರ ಸೇರಿಕೊಂಡಿದೆ, ಎಚ್‌ಎಸ್‌ಎನ್ ಸಂಕೇತದ ಮೊದಲ ಸೊನ್ನೆ ಮಾಯವಾಗಿದೆ, ಪಿನ್‌ಕೋಡ್ ಒಂದು ರಾಜ್ಯದ್ದು, ರಾಜ್ಯಸಂಕೇತ ಇನ್ನೊಂದು ರಾಜ್ಯದ್ದು.

ತಪ್ಪು ಚಿಕ್ಕದೇ ಇರಬಹುದು. ಅದು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದರ ಮೇಲೆ ಅದರ ಖರ್ಚು ನಿರ್ಧಾರವಾಗುತ್ತದೆ. ಗುಮಾಸ್ತರ ಮೇಜಿನ ಮೇಲೆಯೇ ಸಿಕ್ಕಿದರೆ ಅರ್ಧ ನಿಮಿಷ. ಸರ್ಕಾರದ ಪೋರ್ಟಲ್‌ನಲ್ಲಿ ಸಿಕ್ಕಿದರೆ ಲಾರಿಯ ಒಂದೆರಡು ಗಂಟೆ. ಪೋರ್ಟಲ್‌ನ ಕಣ್ಣನ್ನೂ ತಪ್ಪಿಸಿ ಹೆದ್ದಾರಿಯಲ್ಲಿ ತಪಾಸಣಾಧಿಕಾರಿಗಳ ಕೈಗೆ ಸಿಕ್ಕಿದರೆ ದಂಡದ ಮಾತು. ಅಲ್ಲಿಯೂ ಪಾರಾಗಿ, ತಿಂಗಳು ಕಳೆದ ಮೇಲೆ ಖರೀದಿದಾರರ ಲೆಕ್ಕಪರಿಶೋಧಕರಿಗೆ ಸಿಕ್ಕಿದರೆ ಅದು ವ್ಯಾಪಾರ ಸಂಬಂಧದ ಪ್ರಶ್ನೆಯೇ ಆಗುತ್ತದೆ. ಏಕೆಂದರೆ 2022ರ ಜನವರಿ 1ರಿಂದ, ಮಾರಾಟಗಾರರು ಸಲ್ಲಿಸಿದ ಬಿಲ್ಲು ಖರೀದಿದಾರರ ಜಿಎಸ್‌ಟಿಆರ್-2ಬಿ ತಃಖ್ತೆಯಲ್ಲಿ ಕಾಣಿಸಿದರೆ ಮಾತ್ರ ಅವರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಜಿಎಸ್‌ಟಿ ಸಂಖ್ಯೆಯ ಒಂದಕ್ಷರ ಬೇರೆಯಾದರೆ ಆ ಜಮೆ ಅವರ ಖಾತೆಗೆ ಬರುವುದೇ ಇಲ್ಲ. ಅಂತಹ ಗ್ರಾಹಕರು ಬಾಕಿ ಹಣವನ್ನು ತಡೆಹಿಡಿದರೆ ಅವರನ್ನು ದೂರಲಾಗದು.

ಆದುದರಿಂದ ತಪ್ಪು ಹುಟ್ಟಿದ ಸ್ಥಳದಲ್ಲಿಯೇ, ಅಂದರೆ ನಮ್ಮದೇ ಬಿಲ್ಲಿಂಗ್ ತಂತ್ರಾಂಶದಲ್ಲಿಯೇ, ಅದನ್ನು ಹಿಡಿಯುವ ವ್ಯವಸ್ಥೆಯ ಬಗ್ಗೆ ಸದಸ್ಯ ಬಂಧುಗಳು ತಿಳಿದಿರುವುದು ಒಳಿತು. ಗಣಕ ಪರಿಣತರು ಇದನ್ನು ‘ಸ್ಕೀಮಾದ ಪ್ರಕಾರ ದತ್ತಾಂಶ ಪರಿಶೀಲನೆ’ ಎಂದು ಕರೆಯುತ್ತಾರೆ. ಹೆಸರು ಭಾರವಾಗಿದ್ದರೂ ವಿಷಯ ನಮ್ಮ ಉತ್ಪಾದಕರಿಗೆ ಹೊಸದಲ್ಲ.

ಕಾರ್ಖಾನೆಯ ಗೇಜು, ಕಛೇರಿಯ ಸ್ಕೀಮಾ

ಯಂತ್ರಭಾಗಗಳನ್ನು ತಯಾರಿಸುವವರು ‘ಗೋ, ನೋ-ಗೋ’ ಗೇಜನ್ನು ಬಲ್ಲರು. 20 ಮಿ.ಮೀ. ವ್ಯಾಸದ ರಂಧ್ರಕ್ಕೆ ನಕ್ಷೆಯಲ್ಲಿ ‘ಎಚ್7’ ಎಂದು ಬರೆದಿದ್ದರೆ, ಆ ರಂಧ್ರ 20.000ರಿಂದ 20.021 ಮಿ.ಮೀ. ಒಳಗೆ ಇರಬೇಕು. ಗೇಜಿನ ಒಂದು ತುದಿ ರಂಧ್ರದೊಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಲೇಬಾರದು. ಪರೀಕ್ಷಿಸುವ ಹುಡುಗನಿಗೆ ಮೈಕ್ರೋಮೀಟರ್ ಓದಲು ಬರಬೇಕೆಂಬ ನಿಯಮವಿಲ್ಲ. ನಕ್ಷೆ ಬರೆದವರು ಒಮ್ಮೆ ಯೋಚಿಸಿ ನಿರ್ಧರಿಸಿದ್ದನ್ನು ಗೇಜು ಸಾವಿರ ಸಲ ತಪ್ಪದೆ ಹೇಳುತ್ತದೆ.

ಸ್ಕೀಮಾ ಎಂದರೆ ಬಿಲ್ಲಿನ ನಕ್ಷೆ. ಬಿಲ್ಲಿನಲ್ಲಿ ಯಾವ ಯಾವ ಅಂಕಣಗಳಿರಬೇಕು, ಯಾವುವು ಕಡ್ಡಾಯ, ಯಾವುವು ಐಚ್ಛಿಕ, ಪ್ರತಿಯೊಂದರಲ್ಲಿ ಪಠ್ಯವಿರಬೇಕೋ ಸಂಖ್ಯೆಯಿರಬೇಕೋ, ಉದ್ದ ಎಷ್ಟು, ಯಾವ ಅಕ್ಷರಗಳಿಗೆ ಅವಕಾಶ, ಯಾವ ಪಟ್ಟಿಯೊಳಗಿನ ಮಾತನ್ನಷ್ಟೇ ಬಳಸಬೇಕು ಎಂಬುದನ್ನೆಲ್ಲ ಅದು ಯಂತ್ರಕ್ಕೆ ಅರ್ಥವಾಗುವಂತೆ ಬರೆದಿಡುತ್ತದೆ. ಪರಿಶೀಲನೆಯ ಕಾರ್ಯಕ್ರಮವೇ ಇಲ್ಲಿ ಗೇಜು. ಒಂದು ಕೈಯಲ್ಲಿ ಸ್ಕೀಮಾ, ಇನ್ನೊಂದು ಕೈಯಲ್ಲಿ ಬಿಲ್ಲು ಹಿಡಿದು, ಅಂಕಣದಿಂದ ಅಂಕಣಕ್ಕೆ ನಡೆದು, ಹೊಂದದ್ದನ್ನೆಲ್ಲ ಪಟ್ಟಿ ಮಾಡಿ ಕೊಡುತ್ತದೆ.

ಸರ್ಕಾರದ ಕಡೆಯಿಂದ ಈ ನಕ್ಷೆ ಈಗಾಗಲೇ ಪ್ರಕಟವಾಗಿದೆ. ಇ-ಇನ್‌ವಾಯ್ಸ್‌ಗೆ ‘ಐಎನ್‌ವಿ-01’ ಎಂಬ ನಮೂನೆಯಿದ್ದು, ಬಿಲ್ಲನ್ನು ‘ಜೇಸನ್’ ಎಂಬ ಕಡತದ ರೂಪದಲ್ಲಿ ಕಳುಹಿಸಬೇಕು. 2020ರ ಅಕ್ಟೋಬರ್ 1ರಂದು ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿ ಮೀರಿದವರಿಗೆ ಮಾತ್ರ ಎಂದು ಆರಂಭವಾದ ಈ ವ್ಯವಸ್ಥೆ 100, 50, 20, 10 ಕೋಟಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದ ಎಲ್ಲರನ್ನೂ ಒಳಗೊಂಡಿತು. ‘ಇದು ದೊಡ್ಡ ಕಂಪನಿಗಳ ತಲೆನೋವು’ ಎಂದು ಕೈಕಟ್ಟಿ ಕೂರುವ ಕಾಲ ಅಲ್ಲಿಗೆ ಮುಗಿಯಿತು. 5 ಕೋಟಿಗಿಂತ ಕಡಿಮೆ ವಹಿವಾಟಿನವರೂ 50,000 ರೂಪಾಯಿ ಮೀರಿದ ತೆರಿಗೆಯುಕ್ತ ಸರಕನ್ನು ಸಾಗಿಸುವಾಗ ಸಾಮಾನ್ಯವಾಗಿ ಇ-ವೇ ಬಿಲ್ಲಿಗೆ ಒಳಪಡುತ್ತಾರೆ. ಅದಕ್ಕೂ ಅದರದೇ ಸ್ಕೀಮಾ ಉಂಟು. ಈ ವಿಷಯದಲ್ಲಿ ನಮ್ಮ ರಾಜ್ಯದ ವರ್ತಕರು ಹಳಬರೆಂದೇ ಹೇಳಬೇಕು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ಲು ದೇಶವ್ಯಾಪಿಯಾಗಿ ಜಾರಿಯಾದಾಗ, ಅಂದೇ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೊಳಿಸಿದ್ದು ಕರ್ನಾಟಕ ಮಾತ್ರ.

ಒಂದು ಅಂಕಣವನ್ನು ಮಾದರಿಗಾಗಿ ನೋಡೋಣ. ಬಿಲ್ಲಿನ ಸಂಖ್ಯೆ: ಕಡ್ಡಾಯ, ಪಠ್ಯರೂಪ, 16 ಅಕ್ಷರ ಮೀರಬಾರದು, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಓರೆಗೆರೆಗಳಿಗೆ ಮಾತ್ರ ಅವಕಾಶ, ಇ-ಇನ್‌ವಾಯ್ಸ್‌ನಲ್ಲಿ ಸೊನ್ನೆಯಿಂದಲೋ ಗೆರೆಯಿಂದಲೋ ಆರಂಭವಾಗಬಾರದು, ಒಂದು ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಬಾರದು. ಅಂಗಡಿಯ ಹೆಸರು, ಶಾಖೆಯ ಹೆಸರು, ‘2025-26’ ಎಂಬ ವರ್ಷ, ಆಮೇಲೆ ಕ್ರಮಸಂಖ್ಯೆ ಎಂದು ಉದ್ದನೆಯ ಸಂಖ್ಯೆಯನ್ನು ಅಭಿಮಾನದಿಂದ ಇಟ್ಟುಕೊಂಡವರಿಗೆ ಹದಿನಾರು ಅಕ್ಷರ ಬಹಳ ಬೇಗ ಮುಗಿದುಹೋಗುತ್ತದೆ. ಕ್ರಮಸಂಖ್ಯೆ 999 ದಾಟಿ ಸಾವಿರಕ್ಕೆ ಬಂದ ದಿನ, ಅದುವರೆಗೆ ಸರಾಗವಾಗಿ ಹೋಗುತ್ತಿದ್ದ ಬಿಲ್ಲು ಏಕಾಏಕಿ ತಿರಸ್ಕೃತವಾಗುವುದು ಈ ಕಾರಣದಿಂದಲೇ. ಇನ್ನೊಂದು ಸೂಕ್ಷ್ಮವೂ ಉಂಟು. 2025ರ ಜೂನ್ 1ರಿಂದ ಪೋರ್ಟಲ್ ಬಿಲ್ಲಿನ ಸಂಖ್ಯೆಯ ಸಣ್ಣಕ್ಷರಗಳನ್ನೆಲ್ಲ ದೊಡ್ಡಕ್ಷರವಾಗಿಯೇ ಪರಿಗಣಿಸುತ್ತದೆ. ಒಂದೇ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಒಮ್ಮೆ, ದೊಡ್ಡಕ್ಷರದಲ್ಲಿ ಒಮ್ಮೆ ಬರೆದು ಎರಡು ಬಿಲ್ಲು ಎಂದರೆ ಅದು ಒಪ್ಪುವುದಿಲ್ಲ.

ಹದಿನೈದನೆಯ ಅಕ್ಷರದ ಕಾವಲು

ಪರಿಶೀಲನೆಯ ಶಕ್ತಿಯನ್ನು ಅರಿಯಲು ಜಿಎಸ್‌ಟಿ ಸಂಖ್ಯೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಾವು ದಿನಕ್ಕೆ ಹತ್ತಾರು ಸಲ ಬರೆಯುವ ಈ ಹದಿನೈದು ಅಕ್ಷರಗಳೊಳಗೆ ಒಂದು ಪುಟ್ಟ ಲೆಕ್ಕಶಾಸ್ತ್ರವೇ ಅಡಗಿದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ವ್ಯಾಟ್ ಕಾಲದ ಟಿನ್ ಸಂಖ್ಯೆಯೂ 29ರಿಂದಲೇ ಆರಂಭವಾಗುತ್ತಿದ್ದುದು ಹಿರಿಯ ವರ್ತಕರಿಗೆ ನೆನಪಿರಬಹುದು. ಮುಂದಿನ ಹತ್ತು ಅಕ್ಷರ ಪ್ಯಾನ್ ಸಂಖ್ಯೆ: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಪ್ಯಾನ್‌ನ ನಾಲ್ಕನೆಯ ಅಕ್ಷರವನ್ನು ನೋಡಿದರೆ ಎದುರಿನ ಗ್ರಾಹಕರು ಯಾರೆಂಬುದೂ ಗೊತ್ತಾಗುತ್ತದೆ: ‘ಪಿ’ ಎಂದರೆ ವ್ಯಕ್ತಿ, ‘ಎಫ್’ ಎಂದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಎಂದರೆ ಕಂಪನಿ, ‘ಎಚ್’ ಎಂದರೆ ಹಿಂದೂ ಅವಿಭಕ್ತ ಕುಟುಂಬ. ಹದಿಮೂರನೆಯದು ಅದೇ ಪ್ಯಾನ್‌ನಲ್ಲಿ ಆ ರಾಜ್ಯದಲ್ಲಿ ಪಡೆದ ನೋಂದಣಿಗಳ ಕ್ರಮ, ಹದಿನಾಲ್ಕನೆಯದು ಸಾಮಾನ್ಯವಾಗಿ ‘ಝಡ್’. ಹದಿನೈದನೆಯ ಅಕ್ಷರಕ್ಕೆ ಸ್ವಂತ ಅರ್ಥವೇನೂ ಇಲ್ಲ. ಮೊದಲ ಹದಿನಾಲ್ಕನ್ನು ಕಾಯುವುದೇ ಅದರ ಕೆಲಸ.

ಕಾಯುವ ಬಗೆ ಹೀಗೆ. ಅಂಕಿಗಳಿಗೆ ಅವುಗಳದೇ ಬೆಲೆ. ‘ಎ’ ಅಕ್ಷರಕ್ಕೆ 10, ‘ಬಿ’ಗೆ 11, ಹೀಗೆ ‘ಝಡ್’ಗೆ 35. ಬೆಸ ಸ್ಥಾನದ ಬೆಲೆಯನ್ನು 1ರಿಂದ, ಸಮ ಸ್ಥಾನದ ಬೆಲೆಯನ್ನು 2ರಿಂದ ಗುಣಿಸಬೇಕು. ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ ಭಾಗಲಬ್ಧ ಮತ್ತು ಶೇಷಗಳನ್ನು ಕೂಡಿಸಬೇಕು. ಹದಿನಾಲ್ಕರ ಮೊತ್ತವನ್ನು ಮತ್ತೆ 36ರಿಂದ ಭಾಗಿಸಿ, ಉಳಿದ ಶೇಷವನ್ನು 36ರಿಂದ ಕಳೆದರೆ ದೊರೆಯುವ ಬೆಲೆಯ ಅಕ್ಷರವೇ ಹದಿನೈದನೆಯದು. ಶೇಷ ಸೊನ್ನೆಯಾದರೆ ಅಕ್ಷರವೂ ಸೊನ್ನೆ.

ಪ್ಯಾನ್‌ನ ನಾಲ್ಕು ಅಂಕಿಗಳು 4719 ಎಂದಿದ್ದು, ಗುಮಾಸ್ತರು ಅವಸರದಲ್ಲಿ 7419 ಎಂದು ಬರೆದರೆನ್ನಿ. ಈ ಅಂಕಿಗಳು ಜಿಎಸ್‌ಟಿ ಸಂಖ್ಯೆಯ ಎಂಟನೆಯ ಸ್ಥಾನದಿಂದ ಬರುತ್ತವೆ. ಸರಿಯಾದ ಬರಹದಲ್ಲಿ 4ನ್ನು 2ರಿಂದ ಗುಣಿಸಿದರೆ 8, ಅದಕ್ಕೆ 7 ಸೇರಿ 15. ತಿರುವುಮುರುವಾದ ಬರಹದಲ್ಲಿ 7ನ್ನು 2ರಿಂದ ಗುಣಿಸಿ 14, ಅದಕ್ಕೆ 4 ಸೇರಿ 18. ಮೊತ್ತ ಮೂರು ಹೆಚ್ಚಾಯಿತು, ಕಡೆಯ ಅಕ್ಷರ ಮೂರು ಸ್ಥಾನ ಸರಿಯಿತು, ಕಳ್ಳ ಸಿಕ್ಕಿಬಿದ್ದ. ಒಂದೇ ಅಕ್ಷರದ ತಪ್ಪು ಯಾವುದೇ ಇರಲಿ, ಈ ಲೆಕ್ಕ ಅದನ್ನು ಖಂಡಿತ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಅದಲುಬದಲಾದರೆ ಹೆಚ್ಚುಕಡಿಮೆ ಯಾವಾಗಲೂ ಹಿಡಿಯುತ್ತದೆ. ಇದಕ್ಕೆ ಅಂತರ್ಜಾಲ ಸಂಪರ್ಕ ಬೇಡ, ಪೋರ್ಟಲ್ ಬೇಡ, ಶುಲ್ಕವೂ ಬೇಡ. ಕಾರ್ಯಕ್ರಮದಲ್ಲಿ ಬರೆದರೆ ಹತ್ತು ಹದಿನೈದು ಸಾಲು. ಇಷ್ಟು ಅಗ್ಗದ ಕಾವಲುಗಾರನನ್ನು ಇಟ್ಟುಕೊಳ್ಳದ ಬಿಲ್ಲಿಂಗ್ ತಂತ್ರಾಂಶಕ್ಕೆ ಹಣ ಕೊಡುವುದು ಏಕೆಂಬುದೇ ಲೇಖಕನ ಪ್ರಶ್ನೆ.

ಕಡಲೆಬೇಳೆ ರತ್ನವಾದ ಬಗೆ

ಎಕ್ಸೆಲ್ ಹಾಳೆ ನಮ್ಮ ಸಣ್ಣ ವ್ಯಾಪಾರಿಗಳ ಎರಡನೆಯ ಖಾತೆ ಪುಸ್ತಕ. ಸರಕಿನ ಪಟ್ಟಿ, ಗ್ರಾಹಕರ ಪಟ್ಟಿ ಎಲ್ಲವೂ ಅದರಲ್ಲೇ ಹುಟ್ಟಿ, ಅಲ್ಲಿಂದ ಬಿಲ್ಲಿಂಗ್ ತಂತ್ರಾಂಶಕ್ಕೆ ಹೋಗುತ್ತವೆ. ಎಕ್ಸೆಲ್‌ಗೆ ಒಂದು ಅತ್ಯುತ್ಸಾಹದ ಗುಣವಿದೆ. ಅಂಕಿಗಳನ್ನು ಕಂಡಲ್ಲೆಲ್ಲ ಅದು ಸಂಖ್ಯೆಯೆಂದೇ ಭಾವಿಸುತ್ತದೆ. ಸಂಖ್ಯೆಯ ಮುಂದಿನ ಸೊನ್ನೆಗೆ ಬೆಲೆಯಿಲ್ಲವಾದ್ದರಿಂದ ಅದನ್ನು ಅಳಿಸಿಬಿಡುತ್ತದೆ.

ಇದರ ಪೆಟ್ಟು ಬೀಳುವುದು ನೇರವಾಗಿ ಯಶವಂತಪುರದ ಮಂಡಿಗಳ ಮೇಲೆ. ಎಚ್‌ಎಸ್‌ಎನ್ ಸಂಕೇತದ ಮೊದಲ ಎರಡು ಅಂಕಿ ಸರಕಿನ ಅಧ್ಯಾಯವನ್ನು ಸೂಚಿಸುತ್ತವೆ, ಮತ್ತು ಹಲವು ಕೃಷಿ ಉತ್ಪನ್ನಗಳ ಅಧ್ಯಾಯಗಳು ಪಟ್ಟಿಯ ಆರಂಭದಲ್ಲೇ ಇರುವುದರಿಂದ ಅವಕ್ಕೆ ಸೊನ್ನೆಯೇ ಮೊದಲಕ್ಷರ. ಕಾಳು-ಬೇಳೆಗಳದ್ದು 0713, ಸೊನ್ನೆ ಹೋದರೆ 713, ಅಂದರೆ ಮುತ್ತು, ರತ್ನ, ಚಿನ್ನಗಳ 71ನೆಯ ಅಧ್ಯಾಯದ ಮುಖ. ಮೆಣಸು ಮತ್ತು ಒಣಮೆಣಸಿನಕಾಯಿಯ 0904 ಹೋಗಿ 904 ಆದರೆ ಅದು ದೃಗ್ಯಂತ್ರಗಳ, ವೈದ್ಯಕೀಯ ಉಪಕರಣಗಳ 90ನೆಯ ಅಧ್ಯಾಯದತ್ತ ನೋಡುತ್ತದೆ. ಈರುಳ್ಳಿಯ 0703 ಗಾಜಿನ ಸಾಮಾನಾಗುತ್ತದೆ. ಕಡಲೆಬೇಳೆ ರತ್ನವಾಗುವುದು ಕೇಳಲು ಹಿತವೇ. ಆದರೆ ಬಿಲ್ಲು ತಿರಸ್ಕೃತವಾದ ವರ್ತಕರಿಗೆ ನಗು ಬರುವುದಿಲ್ಲ. ಅಕ್ಕಿ ವ್ಯಾಪಾರಿಗಳಿಗೆ ಮಾತ್ರ ಈ ಕಾಟವಿಲ್ಲ. 1006 ಸೊನ್ನೆಯಿಂದ ಆರಂಭವಾಗುವುದಿಲ್ಲ.

ಇಲ್ಲಿ ಸ್ಕೀಮಾದ ಎರಡು ಸರಳ ಸಾಲು ಸಾಕು. ಒಂದು, ಎಚ್‌ಎಸ್‌ಎನ್ ಎಂಬುದು ಪಠ್ಯ, ಸಂಖ್ಯೆಯಲ್ಲ. ಎರಡು, ಅದರ ಉದ್ದ 4, 6 ಅಥವಾ 8 ಅಂಕಿ ಮಾತ್ರ. ಮುಂದಿನ ಸೊನ್ನೆ ಬಿದ್ದುಹೋದರೆ ಉದ್ದ 3, 5 ಅಥವಾ 7 ಆಗುವುದರಿಂದ ಬೆಸ ಉದ್ದವೇ ತಪ್ಪಿನ ಗುರುತಾಗುತ್ತದೆ. 2021ರ ಏಪ್ರಿಲ್ 1ರಿಂದ 5 ಕೋಟಿಯವರೆಗಿನ ವಹಿವಾಟಿನವರು ವ್ಯಾಪಾರಿಗಳ ನಡುವಿನ ಬಿಲ್ಲಿನಲ್ಲಿ 4 ಅಂಕಿ, ಅದಕ್ಕಿಂತ ಮೇಲಿನವರು 6 ಅಂಕಿ ಬರೆಯಬೇಕಾಗಿದೆ.

ಕೂಡಿಸಿ ಕಳೆಯುವ ಅಗತ್ಯವೇ ಬೀಳದ ಅಂಕಿಗಳು ಗುರುತಿನ ಚೀಟಿಗಳೇ ಹೊರತು ಸಂಖ್ಯೆಗಳಲ್ಲ. ದೂರವಾಣಿ, ಬ್ಯಾಂಕ್ ಖಾತೆ, ದೆಹಲಿಯ ರಾಜ್ಯಸಂಕೇತ 07, ಇ-ವೇ ಬಿಲ್ಲಿನ 12 ಅಂಕಿಗಳ ಸಂಖ್ಯೆ, ಎಲ್ಲವೂ ಅಷ್ಟೆ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ನಿಖರವಾಗಿ ಹಿಡಿದಿಡುತ್ತದೆ. 16 ಅಂಕಿಗಳ ಖಾತೆ ಸಂಖ್ಯೆಯ ಕಡೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗಿಬಿಡುತ್ತದೆ. ಪಾವತಿ ಎಲ್ಲಿಗೆ ಹೋಯಿತೆಂದು ಆಮೇಲೆ ಬ್ಯಾಂಕಿಗೆ ಅಲೆಯಬೇಕು. (ಇ-ಇನ್‌ವಾಯ್ಸ್ ಸ್ಕೀಮಾದಲ್ಲಿ ಪಿನ್‌ಕೋಡ್ ಮಾತ್ರ ಸಂಖ್ಯೆಯ ರೂಪದಲ್ಲಿದೆ. ಭಾರತದ ಯಾವ ಪಿನ್‌ಕೋಡೂ ಸೊನ್ನೆಯಿಂದ ಆರಂಭವಾಗದ ಕಾರಣ ಅದರಿಂದ ತೊಂದರೆಯಿಲ್ಲ.)

ಇದು ನಮ್ಮಂತಹ ಚಿಕ್ಕವರ ಸಮಸ್ಯೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ‘12/05’ ಎಂಬ ಬಿಲ್ಲಿನ ಸಂಖ್ಯೆಯನ್ನು ದಿನಾಂಕವಾಗಿ ಬದಲಿಸುವ ಎಕ್ಸೆಲ್, ‘ಮಾರ್ಚ್1’, ‘ಸೆಪ್ಟ್1’ ಎಂಬ ಸಂಕೇತಗಳಿದ್ದ ಮಾನವ ಜೀನುಗಳನ್ನೂ ದಿನಾಂಕಗಳೆಂದೇ ಬಗೆದು ಸಂಶೋಧನಾ ಪಟ್ಟಿಗಳನ್ನು ಕೆಡಿಸುತ್ತಿತ್ತು. ಕಡೆಗೆ ಜೀನುಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿಯೇ ಸೋತು ಆ ಜೀನುಗಳ ಸಂಕೇತಗಳನ್ನು ಬದಲಾಯಿಸಿದ್ದು 2020ರಲ್ಲಿ ಸುದ್ದಿಯಾಯಿತು. ಎಕ್ಸೆಲ್‌ನ ಈ ಸ್ವಯಂಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ತಯಾರಕರು 2023ರಲ್ಲಿ ಹೊಸ ಆವೃತ್ತಿಗಳಿಗೆ ಸೇರಿಸಿದ್ದಾರೆ. ತಮ್ಮ ಕಛೇರಿಯ ಗಣಕಯಂತ್ರದಲ್ಲಿ ಅದಿದೆಯೇ ಎಂದು ಸದಸ್ಯರು ಒಮ್ಮೆ ನೋಡಿಸಿಕೊಳ್ಳಬಹುದು.

ಒಂದು ಅಂಕಣ ಇನ್ನೊಂದಕ್ಕೆ ಸಾಕ್ಷಿ

ಇಲ್ಲಿಯವರೆಗೆ ಒಂದೊಂದೇ ಅಂಕಣದ ಮಾತಾಯಿತು. ಅಂಕಣಗಳು ಪರಸ್ಪರ ಒಪ್ಪುತ್ತವೆಯೇ ಎಂದು ನೋಡುವುದು ಮುಂದಿನ ಹಂತ, ಮತ್ತು ತೆರಿಗೆಯ ನಿಜವಾದ ಅಪಾಯ ಇರುವುದು ಇಲ್ಲಿಯೇ.

ಯಲಹಂಕದ ಒಂದು ಘಟಕ ಹಿಂದೂಪುರದ ಕಾರ್ಖಾನೆಗೆ ಬಿಡಿಭಾಗ ಕಳುಹಿಸುತ್ತದೆಂದು ಊಹಿಸಿಕೊಳ್ಳಿ. ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿದರೆ ಹಿಂದೂಪುರ. ಲಾರಿಗೆ ಅದು ಪಕ್ಕದ ಊರೇ. ಎಷ್ಟೋ ಮಂದಿ ಅಲ್ಲಿ ಕನ್ನಡವನ್ನೇ ಆಡುತ್ತಾರೆ. ಗುಮಾಸ್ತರು ಅಭ್ಯಾಸಬಲದಿಂದ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ಎಂದು ಅರ್ಧರ್ಧ ಹಾಕಿದರೆ ಆಶ್ಚರ್ಯವಿಲ್ಲ. ಆದರೆ ಹಿಂದೂಪುರ ಆಂಧ್ರಪ್ರದೇಶದ್ದು, ಸಂಕೇತ 37, ಪಿನ್‌ಕೋಡ್ 515201. ಅಲ್ಲಿಗೆ ಐಜಿಎಸ್‌ಟಿ ಸಲ್ಲಬೇಕು. ತಪ್ಪು ತೆರಿಗೆ ಕಟ್ಟಿದರೆ ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಿ, ಮೊದಲಿನದಕ್ಕೆ ಮರುಪಾವತಿ ಕೇಳುತ್ತ ಕೂರಬೇಕು. ‘ಮಾರಾಟಗಾರರ ರಾಜ್ಯಸಂಕೇತ ಮತ್ತು ಸರಬರಾಜು ಸ್ಥಳದ ಸಂಕೇತ ಬೇರೆಯಾದರೆ ಐಜಿಎಸ್‌ಟಿ ಮಾತ್ರ, ಒಂದೇ ಆದರೆ ಉಳಿದೆರಡು’ ಎಂಬ ನಿಯಮವನ್ನು ಕಾರ್ಯಕ್ರಮದಲ್ಲಿ ಬರೆದಿಟ್ಟರೆ ಗುಮಾಸ್ತರ ಭೂಗೋಳದ ಮೇಲೆ ಅವಲಂಬಿಸಬೇಕಾಗಿಲ್ಲ. ವಿಶೇಷ ಆರ್ಥಿಕ ವಲಯದಂತಹ ಅಪವಾದಗಳಿವೆ. ಅವನ್ನೂ ನಿಯಮದೊಳಗೆ ಬರೆಯಬೇಕು. ಬಿಲ್ಲು ಒಬ್ಬರಿಗೆ, ಸರಕು ಇನ್ನೊಬ್ಬರಿಗೆ ಹೋಗುವ ವ್ಯವಹಾರಗಳಲ್ಲಿ ಸರಕು ಇಳಿಯುವ ಊರಲ್ಲ, ಕಾನೂನು ಹೇಳುವ ಸರಬರಾಜು ಸ್ಥಳವೇ ಮುಖ್ಯ ಎಂಬುದನ್ನು ತಂತ್ರಾಂಶ ಬರೆಯುವವರಿಗೆ ಲೆಕ್ಕಪರಿಶೋಧಕರೇ ಕೂತು ವಿವರಿಸುವುದು ಕ್ಷೇಮ.

ಕೆಲವು ನಿಯಮಗಳಿಗೆ ದಿನಾಂಕವೂ ಬೇಕು. 2025ರ ಸೆಪ್ಟೆಂಬರ್ 22ರಂದು ಬಹುಪಾಲು ಸರಕುಗಳ ಮೇಲೆ ಶೇಕಡಾ 12 ಮತ್ತು 28ರ ಹಂತಗಳು ಹೋಗಿ 5 ಮತ್ತು 18 ಉಳಿದವು. ಅಂದು ತಂತ್ರಾಂಶದಲ್ಲಿ 12ನ್ನು ಅಳಿಸಿಹಾಕಿದವರಿಗೆ ಒಂದು ಸಂಕಟ ಕಾದಿತ್ತು. ಆಗಸ್ಟ್‌ನಲ್ಲಿ ಮಾರಿದ ಸರಕು ಅಕ್ಟೋಬರ್‌ನಲ್ಲಿ ಹಿಂದಿರುಗಿದರೆ ಕ್ರೆಡಿಟ್ ನೋಟಿನಲ್ಲಿ ಹಳೆಯ ದರವೇ ಇರಬೇಕಲ್ಲ. ದರಪಟ್ಟಿಯ ಪ್ರತಿ ಸಾಲಿಗೂ ‘ಇಂದಿನಿಂದ’, ‘ಇಂದಿನವರೆಗೆ’ ಎಂಬ ಎರಡು ದಿನಾಂಕ ಇಟ್ಟಿದ್ದವರಿಗೆ ತೊಂದರೆಯಾಗುವುದಿಲ್ಲ. ಹಾಗೆಯೇ ಬೇಳೆಕಾಳು, ಅಕ್ಕಿಗಳಿಗೆ 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಪೊಟ್ಟಣಕ್ಕೆ ಶೇಕಡಾ 5 ತೆರಿಗೆ, ಅದಕ್ಕಿಂತ ದೊಡ್ಡ ಚೀಲಕ್ಕೆ ವಿನಾಯಿತಿ. ಇಲ್ಲಿ ತೆರಿಗೆಯ ಅಂಕಣವನ್ನು ಪರೀಕ್ಷಿಸಲು ಪೊಟ್ಟಣದ ತೂಕದ ಅಂಕಣವನ್ನು ಕೇಳಬೇಕು. ನಿಮ್ಮ ಸರಕುಪಟ್ಟಿಯಲ್ಲಿ ಅಂತಹ ಅಂಕಣವೇ ಇಲ್ಲದಿದ್ದರೆ ಯಾವ ಕಾರ್ಯಕ್ರಮವೂ ನೆರವಾಗದು.

ಗೇಜು ಹೇಳದ ಮಾತು

ಗೇಜಿನ ಹೋಲಿಕೆಯನ್ನೇ ಮುಂದುವರಿಸಿದರೆ, ರಂಧ್ರದ ವ್ಯಾಸ ಸರಿಯಿದೆಯೆಂದು ಗೇಜು ಹೇಳಬಲ್ಲದು. ರಂಧ್ರ ಕೊರೆದ ಜಾಗ ಸರಿಯೇ ಎಂದು ಹೇಳಲಾರದು. ಸ್ಕೀಮಾದ ಮಿತಿಯೂ ಇದೇ. ಯಶವಂತಪುರದ ಪಿನ್‌ಕೋಡ್ 560022, ಆರ್.ಟಿ. ನಗರದ್ದು 560032. ಒಂದಂಕಿ ತಪ್ಪಿದರೂ ಎರಡೂ ನಿಜವಾದ ಪಿನ್‌ಕೋಡ್‌ಗಳೇ, ಎರಡೂ ಕರ್ನಾಟಕದವೇ. ಉದ್ದ ಸರಿ, ರಾಜ್ಯ ಸರಿ, ಸರಕು ಮಾತ್ರ ಬೇರೆ ಕಡೆ. ಜಿಎಸ್‌ಟಿ ಸಂಖ್ಯೆಯ ಹದಿನೈದೂ ಅಕ್ಷರ ಲೆಕ್ಕಕ್ಕೆ ಹೊಂದಿದರೂ ಆ ನೋಂದಣಿ ಕಳೆದ ತಿಂಗಳೇ ರದ್ದಾಗಿರಬಹುದು. ಅದನ್ನು ಪೋರ್ಟಲ್‌ನಲ್ಲಿ ಹುಡುಕಿಯೇ ತಿಳಿಯಬೇಕು. ವಾಹನದ ಸಂಖ್ಯೆ ಯಶವಂತಪುರದ ‘ಕೆಎ 04’ ಆಗಿರಲಿ, ಯಲಹಂಕದ ‘ಕೆಎ 50’ ಆಗಿರಲಿ, ಅಕ್ಷರಗಳ ವಿನ್ಯಾಸ ಸರಿಯಿದ್ದ ಮಾತ್ರಕ್ಕೆ ಬಾಗಿಲಲ್ಲಿ ನಿಂತಿರುವ ಲಾರಿ ಅದೇ ಎಂದಾಗದು.

ಕ್ವಿಂಟಲ್ ಮತ್ತು ಕಿಲೋಗಳ ಗೊಂದಲ ಇನ್ನೂ ಸೂಕ್ಷ್ಮ. ಅಳತೆಯ ಮಾನಗಳಿಗೆ ನಿಗದಿತ ಸಂಕೇತಗಳಿದ್ದು ಎರಡೂ ಆ ಪಟ್ಟಿಯಲ್ಲಿವೆ. 50 ಕ್ವಿಂಟಲ್ ಎನ್ನುವಲ್ಲಿ 50 ಕಿಲೋ ಎಂದಾದರೂ ಸ್ಕೀಮಾ ಸುಮ್ಮನಿರುತ್ತದೆ. ಇಲ್ಲಿ ನೆರವಿಗೆ ಬರುವುದು ವರ್ತಕರ ಅನುಭವ. ಕಿಲೋ ತೊಗರಿಬೇಳೆಗೆ ಹತ್ತು ಸಾವಿರ ರೂಪಾಯಿ ಇರಲು ಸಾಧ್ಯವಿಲ್ಲವೆಂದು ನಮಗೆ ಗೊತ್ತು. ಪ್ರತಿ ಸರಕಿಗೆ ಒಂದು ಕನಿಷ್ಠ, ಒಂದು ಗರಿಷ್ಠ ದರ ಇಟ್ಟು, ದಾಟಿದರೆ ತಡೆಯದೆ ‘ಇದು ಸರಿಯೇ?’ ಎಂದು ಕೇಳುವಂತೆ ಮಾಡಿದರೆ ಸಾಕು. ಪೋರ್ಟಲ್‌ಗೆ ನಿಮ್ಮ ಸರಕಿನ ಧಾರಣೆ ಗೊತ್ತಿಲ್ಲ. ನಿಮಗೆ ಗೊತ್ತು.

ಕಾನೂನು ಕೂಡ ಎಲ್ಲ ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2018ರ ಸೆಪ್ಟೆಂಬರ್ 14ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಜಿಎಸ್‌ಟಿ ಸಂಖ್ಯೆ ಸರಿಯಿದ್ದು ಹೆಸರಿನ ಕಾಗುಣಿತ ತಪ್ಪಿದರೆ, ವಿಳಾಸ ಸರಿಯಿದ್ದು ಪಿನ್‌ಕೋಡ್ ತಪ್ಪಿ ಅದರಿಂದ ಇ-ವೇ ಬಿಲ್ಲಿನ ಅವಧಿ ಹೆಚ್ಚದಿದ್ದರೆ, ಬಿಲ್ಲಿನ ಅಥವಾ ವಾಹನದ ಸಂಖ್ಯೆಯಲ್ಲಿ ಒಂದೆರಡು ಅಕ್ಷರ ತಪ್ಪಿದರೆ, ಎಚ್‌ಎಸ್‌ಎನ್‌ನ ಮೊದಲೆರಡು ಅಂಕಿ ಮತ್ತು ತೆರಿಗೆ ದರ ಸರಿಯಿದ್ದು ಉಳಿದ ಅಂಕಿ ತಪ್ಪಿದರೆ, ಸರಕನ್ನು ಜಪ್ತಿ ಮಾಡುವ 129ನೆಯ ಪ್ರಕರಣದ ಕ್ರಮ ಜರುಗಿಸುವಂತಿಲ್ಲ. ಕೇಂದ್ರ ಮತ್ತು ರಾಜ್ಯ ಕಾಯಿದೆಗಳಡಿ 500 ರೂಪಾಯಿಯಂತೆ ಒಟ್ಟು 1,000 ರೂಪಾಯಿ ದಂಡ. ಇದಕ್ಕೆ ಹೊರತಾದ ತಪ್ಪಿಗೆ 129ನೆಯ ಪ್ರಕರಣ ಅನ್ವಯಿಸಿದರೆ, ಮಾಲೀಕರೇ ಮುಂದೆ ಬಂದರೂ, ತೆರಿಗೆಯ ಇಮ್ಮಡಿ ದಂಡ. ‘ಮೊದಲೆರಡು ಅಂಕಿ ಸರಿಯಿದ್ದರೆ’ ಎಂಬ ಷರತ್ತನ್ನು ಗಮನಿಸಬೇಕು. ಎಕ್ಸೆಲ್ ಕದಿಯುವ ಸೊನ್ನೆ ಆ ಎರಡರಲ್ಲೇ ಒಂದು.

ತಂತ್ರಾಂಶದವರನ್ನು ಕೇಳಬೇಕಾದದ್ದು

ಇದನ್ನೆಲ್ಲ ವರ್ತಕರೇ ಕೂತು ಬರೆಯಬೇಕಾಗಿಲ್ಲ. ಸ್ಕೀಮಾಗೆ ಹೋಲಿಸಿ ನೋಡುವ ಸಿದ್ಧ ಕಾರ್ಯಕ್ರಮಗಳು ಎಲ್ಲ ಪ್ರಮುಖ ಗಣಕ ಭಾಷೆಗಳಲ್ಲೂ ಉಚಿತವಾಗಿ ದೊರೆಯುತ್ತವೆ. ಆದರೆ ಸರಬರಾಜುದಾರರೊಡನೆ ಮಾತನಾಡುವಾಗ ಮೂರ್ನಾಲ್ಕು ಪ್ರಶ್ನೆ ನಾಲಗೆಯ ತುದಿಯಲ್ಲಿರಲಿ. ನಿಮ್ಮ ತಂತ್ರಾಂಶ ಮೊದಲ ತಪ್ಪನ್ನು ಕಂಡೊಡನೆ ನಿಲ್ಲುತ್ತದೆಯೋ, ಬಿಲ್ಲಿನ ಎಲ್ಲ ತಪ್ಪುಗಳನ್ನು ಒಟ್ಟಿಗೆ ತೋರಿಸುತ್ತದೆಯೋ? ಮೊದಲನೆಯ ಬಗೆಯಾದರೆ ಐದು ತಪ್ಪಿಗೆ ಐದು ಸಲ ಒತ್ತಬೇಕು. ತಪ್ಪಿನ ಸೂಚನೆ ಯಾವ ಸಾಲಿನ ಯಾವ ಅಂಕಣದಲ್ಲಿ ಏನಿದೆ, ಏನಿರಬೇಕಿತ್ತು ಎಂದು ಕನ್ನಡದಲ್ಲಿ ಹೇಳುತ್ತದೆಯೋ, ಬರಿಯ ಒಂದು ಸಂಕೇತಸಂಖ್ಯೆಯನ್ನು ಎಸೆದು ಸುಮ್ಮನಾಗುತ್ತದೆಯೋ? ನಿಯಮಗಳು ಬೇರೆ ಕಡತದಲ್ಲಿದ್ದು ಸುಲಭವಾಗಿ ಬದಲಿಸಬಹುದೋ, ಪ್ರತಿ ಬದಲಾವಣೆಗೂ ಶುಲ್ಕ ತೆರಬೇಕೋ?

ಇನ್ನೊಂದು ಎಚ್ಚರಿಕೆ ಮಾಲೀಕರಿಗೇ ಸೇರಿದ್ದು. ಗೇಜು ಬಹಳ ಬಿಗಿಯಾದರೆ ಕೆಲಸಗಾರ ಅದನ್ನು ವಂಚಿಸುವ ದಾರಿ ಹುಡುಕುತ್ತಾನೆ. ಗ್ರಾಹಕರ ದೂರವಾಣಿ ಸಂಖ್ಯೆಯನ್ನು ಕಡ್ಡಾಯ ಮಾಡಿದರೆ, ಅದು ತಿಳಿಯದ ಗುಮಾಸ್ತರು ಹತ್ತು ಒಂಬತ್ತುಗಳನ್ನು ಬರೆದು ಮುಂದೆ ಹೋಗುತ್ತಾರೆ. ಖಾಲಿ ಅಂಕಣ ‘ಗೊತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ, ಸುಳ್ಳು ಸಂಖ್ಯೆ ಹಾಗೆ ಹೇಳುವುದಿಲ್ಲ. ಕಾನೂನಿಗೆ ಅಥವಾ ಸಾಗಣೆಗೆ ಬೇಕಾದದ್ದನ್ನು ಮಾತ್ರ ಕಡ್ಡಾಯ ಮಾಡಿ ಉಳಿದದ್ದನ್ನು ಐಚ್ಛಿಕವಾಗಿ ಬಿಡುವುದು ವಾಸಿ. ತಪ್ಪನ್ನು ತಾನೇ ಸದ್ದಿಲ್ಲದೆ ತಿದ್ದುವ ತಂತ್ರಾಂಶವನ್ನೂ ನಂಬಲಾಗದು. ಅದು ತಿದ್ದಿದ್ದು ಸರಿಯೋ ತಪ್ಪೋ ಯಾರಿಗೂ ತಿಳಿಯುವುದಿಲ್ಲ.

ಪೋರ್ಟಲ್ ಒಮ್ಮೆ ಒಪ್ಪಿದ ಇ-ಇನ್‌ವಾಯ್ಸನ್ನು ಅಲ್ಲಿ ತಿದ್ದುವ ಅವಕಾಶವಿಲ್ಲ. 24 ಗಂಟೆಯೊಳಗೆ ರದ್ದು ಮಾಡಬಹುದು, ಅದೂ ಅದರ ಇ-ವೇ ಬಿಲ್ಲು ಚಾಲ್ತಿಯಲ್ಲಿಲ್ಲದಿದ್ದರೆ. ರದ್ದಾದ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ವಹಿವಾಟು 10 ಕೋಟಿ ಮತ್ತು ಮೇಲ್ಪಟ್ಟವರಿಗೆ 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದಿಂದ 30 ದಿನ ಕಳೆದರೆ ಪೋರ್ಟಲ್‌ನ ಬಾಗಿಲೇ ಮುಚ್ಚುತ್ತದೆ. ತಿರಸ್ಕೃತ ಬಿಲ್ಲನ್ನು ‘ಆಮೇಲೆ ನೋಡೋಣ’ ಎಂದು ಬದಿಗಿಡುವ ಅಭ್ಯಾಸವಿರುವ ಕಛೇರಿಗಳು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಎಲ್ಲಿಂದ ಆರಂಭಿಸುವುದೆಂದು ಕೇಳುವವರು ಗ್ರಾಹಕರ ಪಟ್ಟಿಯಿಂದ ಆರಂಭಿಸಲಿ. ಹೊಸ ಬಿಲ್ಲುಗಳಿಗೆ ಮಾಹಿತಿ ಹರಿದುಬರುವುದು ಅಲ್ಲಿಂದಲೇ. ಪಟ್ಟಿಯಲ್ಲಿ ಒಂದು ತಪ್ಪಿದ್ದರೆ ಅದು ವರ್ಷಪೂರ್ತಿ ಬಿಲ್ಲುಗಳಲ್ಲಿ ಅಚ್ಚಾಗುತ್ತದೆ. ಒಂದು ಶನಿವಾರ ಮಧ್ಯಾಹ್ನ ಪಟ್ಟಿಯ ಎಲ್ಲ ಜಿಎಸ್‌ಟಿ ಸಂಖ್ಯೆಗಳನ್ನು ಹದಿನೈದನೆಯ ಅಕ್ಷರದ ಲೆಕ್ಕಕ್ಕೆ ಒಡ್ಡಿ, ಪಿನ್‌ಕೋಡ್ ಮತ್ತು ರಾಜ್ಯಸಂಕೇತಗಳನ್ನು ಹೋಲಿಸಿ, ಹೊಂದದ ಹೆಸರುಗಳನ್ನು ಬೇರೆ ಮಾಡಿ, ಸೋಮವಾರ ಬೆಳಿಗ್ಗೆ ಆ ಗ್ರಾಹಕರಿಗೆ ದೂರವಾಣಿ ಮಾಡಿ ನೋಂದಣಿ ಪತ್ರದ ಪ್ರತಿಯನ್ನು ತರಿಸಿಕೊಳ್ಳುವುದು.